ಗಾಳಿ ಧಾರಾಳಿ, ಮಣ್ಣು ಜಿಪುಣ: ಹೊಲದ ಏರುಪೇರು ಪತ್ತೆ ಹಚ್ಚುವುದು ಹೇಗೆ?

ಇಂಗಾಲದ ಡೈಆಕ್ಸೈಡ್ ಗಿಡದ ಆಹಾರ. ಗಾಳಿಯಲ್ಲಿ ಅದು ಜಾಸ್ತಿಯಾದರೆ ಬೆಳೆಗೆ ಒಳ್ಳೆಯದೇ ಅಲ್ವಾ? ಅರ್ಧ ನಿಜ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. ಈಗ 420 ದಾಟಿದೆ. ಭತ್ತ, ಗೋಧಿ, ಸೋಯಾ ಇದನ್ನು ಬಳಸಿಕೊಂಡು ಹೆಚ್ಚು ಸಕ್ಕರೆ ತಯಾರಿಸುತ್ತವೆ. ಜೋಳ, ಮೆಕ್ಕೆಜೋಳ, ಕಬ್ಬಿಗೆ ಅಷ್ಟೇನೂ ಲಾಭವಿಲ್ಲ. ಅನಿಲವನ್ನು ಎಲೆಯೊಳಗೇ ಕೂಡಿಹಾಕಿಕೊಳ್ಳುವ ಏರ್ಪಾಡು ಅವುಗಳಿಗೆ ಮೊದಲಿನಿಂದಲೂ ಇದೆ. ಬರ ಬಿದ್ದಾಗ ಮಾತ್ರ ಅವಕ್ಕೂ ಸ್ವಲ್ಪ ಅನುಕೂಲ: ಎಲೆಯ ರಂಧ್ರಗಳು ಕಿರಿದಾಗಿ ನೀರು ಉಳಿಯುತ್ತದೆ.

ತೊಂದರೆ ಇರುವುದು ಕಾಳಿನಲ್ಲಿ. ಸಕ್ಕರೆ, ಪಿಷ್ಟ ಹೆಚ್ಚುತ್ತವೆ. ಮಣ್ಣಿನಿಂದ ಬರಬೇಕಾದ ಸಾರಜನಕ, ಸತು, ಕಬ್ಬಿಣ ಅದೇ ವೇಗದಲ್ಲಿ ಬರುವುದಿಲ್ಲ. ಬಯಲಿನಲ್ಲೇ ಅನಿಲದ ಮಟ್ಟವನ್ನು 550ರ ಆಸುಪಾಸಿಗೆ ಏರಿಸಿ ಬೆಳೆದ ಗೋಧಿಯಲ್ಲಿ ಸತು ಸುಮಾರು ಶೇ 9, ಪ್ರೋಟೀನ್ ಶೇ 6, ಕಬ್ಬಿಣ ಶೇ 5ರಷ್ಟು ಕಡಿಮೆಯಾಗಿದ್ದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಾಳಿ ಇಡೀ ಹೊಲಕ್ಕೆ ಒಂದೇ ಸಮ. ಮಣ್ಣು ಹಾಗಲ್ಲ. ಸಾರಜನಕ ಸಾಲದ ಜಾಗದಲ್ಲಿ ಗಾಳಿ ಎಷ್ಟು ಇಂಗಾಲದ ಡೈಆಕ್ಸೈಡ್ ಕೊಟ್ಟರೂ ಗಿಡ ಅದನ್ನು ಪೂರ್ತಿ ಬಳಸಿಕೊಳ್ಳಲಾರದು. ಹಾಗಾಗಿ ಕೆಲಸ ಶುರುವಾಗಬೇಕಾದ್ದು ನೆಲದಿಂದ.

ಮೊದಲು ಎಲೆ ನೋಡಿ

ಬೆಳೆ ಮೊಣಕಾಲೆತ್ತರ ಬಂದಾಗ ಹೊಲದೊಳಗೆ ಅಡ್ಡಾಡಿ. ಬದುವಿನ ಮೇಲೆ ನಿಂತು ನೋಡಿದರೆ ಎಲ್ಲ ಹಸಿರಾಗಿಯೇ ಕಾಣುತ್ತದೆ! ಒಂದು ಮೆಕ್ಕೆಜೋಳದ ಗಿಡದ ಮುಂದೆ ಕೂತುಕೊಳ್ಳಿ. ಕೆಳಗಿನ ಹಳೆಯ ಎಲೆಯ ತುದಿಯಿಂದ ನಡುನರದ ಗುಂಟ ಹಳದಿ ಒಳಕ್ಕೆ ಇಳಿದಿದ್ದರೆ ಸಾರಜನಕದ ಕೊರತೆ. ಅದೇ ಎಲೆಯ ಅಂಚು ಸುಟ್ಟಂತಿದ್ದರೆ ಪೊಟ್ಯಾಷ್ ಸಾಲದು. ಮೇಲಿನ ಎಳೆಯ ಎಲೆಯ ಬುಡದಲ್ಲಿ, ನಡುನರದ ಎರಡೂ ಕಡೆ ಬಿಳಿಚಿದ ಪಟ್ಟಿಯಿದ್ದರೆ ಸತುವಿನ ಮೇಲೆ ಅನುಮಾನ ಪಡಿ. ಸಾರಜನಕ ಗಿಡದೊಳಗೆ ಓಡಾಡುತ್ತದೆ, ಕೊರತೆಯಾದರೆ ಹಳೆಯ ಎಲೆಯಿಂದ ಎಳೆಯದಕ್ಕೆ ಹೋಗುತ್ತದೆ. ಸತು ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ನೇರಳೆ ಬಣ್ಣ ಕಂಡರೆ ಮಾತ್ರ ಅವಸರ ಬೇಡ. ರಂಜಕದ ಕೊರತೆಯೂ ಇರಬಹುದು, ಬರೀ ಚಳಿಯೂ ಇರಬಹುದು.

ಆಮೇಲೆ ಮಣ್ಣು ತೆಗೆಯಿರಿ

ಸೊರಗಿದ ಜಾಗ, ಚೆನ್ನಾಗಿರುವ ಜಾಗ ಎರಡನ್ನೂ ಗುರುತು ಹಾಕಿಕೊಂಡು, ಕಟಾವಿನ ನಂತರ ಬೇರೆಬೇರೆಯಾಗಿ ಮಾದರಿ ತೆಗೆಯಿರಿ. ಎರಡನ್ನೂ ಬೆರೆಸಿದರೆ ಸಿಗುವುದು ಸರಾಸರಿ. ಆ ಸರಾಸರಿಯ ಮಣ್ಣು ನಿಮ್ಮ ಹೊಲದಲ್ಲಿ ಎಲ್ಲೂ ಇರುವುದಿಲ್ಲ.

ಒಂದೊಂದು ಜಾಗದಲ್ಲೂ ಹತ್ತು ಹದಿನೈದು ಕಡೆ, 15 ಸೆಂ.ಮೀ. ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆತ್ತಿಕೊಳ್ಳಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟುಬಿಡಿ. ಪ್ಲಾಸ್ಟಿಕ್ ಬಕೆಟ್ ಇರಲಿ. ಸತು ಲೇಪಿಸಿದ ಬಕೆಟ್ ಬಳಸಿದರೆ ಸತುವಿನ ಲೆಕ್ಕವೇ ತಪ್ಪುತ್ತದೆ. ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ. ಪರೀಕ್ಷೆಗೆ ಕೊಡುವಾಗ ಸತು, ಕಬ್ಬಿಣವನ್ನೂ ನೋಡಿ ಎಂದು ಹೇಳುವುದನ್ನು ಮರೆಯಬೇಡಿ.

ಕೊರತೆ ಇದ್ದಲ್ಲಿಗೆ ಮಾತ್ರ

ವರದಿ ನೋಡಿ ಜಾಗಕ್ಕೆ ತಕ್ಕಂತೆ ಗೊಬ್ಬರ ಕೊಡಿ. ಯೂರಿಯಾವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತು ಮಾಡಿ; ಮಣ್ಣಿನಲ್ಲಿ ಅದರಿಂದ ಆಗುವ ನೈಟ್ರೇಟ್ ನೀರಿನ ಜೊತೆ ಇಳಿದು ಹೋಗುತ್ತದೆ. ರಂಜಕ ಇದಕ್ಕೆ ಪೂರ್ತಿ ಉಲ್ಟಾ, ಹಾಕಿದಲ್ಲೇ ಕೂರುತ್ತದೆ. ಬೇರಿನ ಹತ್ತಿರವೇ ಹಾಕಬೇಕು. ಸತು ಕೊಡುವ ಜಿಂಕ್ ಸಲ್ಫೇಟನ್ನು ರಂಜಕದ ಗೊಬ್ಬರವಾದ ಡಿಎಪಿ ಜೊತೆ ಬೆರೆಸಬೇಡಿ.

ಕಾಳಿನಲ್ಲೇ ಸತು ಹೆಚ್ಚಬೇಕಿದ್ದರೆ, ಗೋಧಿಗೆ ಹೂವಾದ ನಂತರ ಎಲೆಯ ಮೇಲೆ ಸಿಂಪಡಿಸುವುದು ಮಣ್ಣಿಗೆ ಹಾಕುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿಲಿಳಿದ ಮೇಲೆ ಸಿಂಪಡಿಸಿ. ಒಂದು ಸಣ್ಣ ಪಟ್ಟಿಗೆ ಮಾತ್ರ ಏನೂ ಹಾಕದೆ ಬಿಡಿ, ಅದರ ಕಾಳನ್ನೂ ಗೊಬ್ಬರ ಹಾಕಿದ ಅಷ್ಟೇ ದೊಡ್ಡ ಪಟ್ಟಿಯ ಕಾಳನ್ನೂ ಬೇರೆಬೇರೆಯಾಗಿ ಒಕ್ಕಿ ತೂಗಿ. ಹಾಕಿದ ಗೊಬ್ಬರದಿಂದ ಇಳುವರಿ ಎಷ್ಟು ಹೆಚ್ಚಿತು ಅನ್ನುವುದು ಆಗ ತಿಳಿಯುತ್ತದೆ. ಸತು ಎಷ್ಟು ಸೇರಿತು ಅನ್ನುವುದು ತಕ್ಕಡಿಗೆ ಸಿಗುವುದಿಲ್ಲ, ಅದಕ್ಕೆ ಎರಡೂ ಕಡೆಯ ಕಾಳನ್ನು ಪ್ರಯೋಗಾಲಯಕ್ಕೇ ಕೊಡಬೇಕು.