ಚೀಸ್ ಒಡೆಯದಿರಲು, ಪಾಪ್‌ಕಾರ್ನ್ ಗರಿಗರಿಯಾಗಿರಲು

ಮೊಮ್ಮಗ ಹಿಮದಲ್ಲಿ ಆಡಿ ಒಳಗೆ ಬಂದರೆ ಕೇಳುವುದು ಒಂದೇ, ಮ್ಯಾಕ್ ಅಂಡ್ ಚೀಸ್, ಅಂದರೆ ಚೀಸ್ ಸಾಸ್‌ನಲ್ಲಿ ಕಲಸಿದ ಮ್ಯಾಕರೋನಿ ಪಾಸ್ತಾ. ಹುಷಾರಿಲ್ಲದಾಗ ನಮಗೆ ಬಿಸಿ ತಿಳಿಸಾರು ಅನ್ನ ಬೇಕಾಗುತ್ತೆ ಅಲ್ವಾ, ಅವನಿಗೆ ಇದು ಹಾಗೆ. ಮಗಳ ಮನೆಗೆ, ಅಮೆರಿಕದ ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ ನಾನು ಡಬ್ಬದ ಪುಡಿಯಿಂದಲೇ ಮಾಡುತ್ತಿದ್ದೆ. ಆಮೇಲೆ ಪಕ್ಕದ ಮನೆಯ ಅಜ್ಜಿ ಒಲೆ ಮುಂದೆ ನಿಲ್ಲಿಸಿಕೊಂಡು ಕಲಿಸಿಕೊಟ್ಟರು.

ತುರಿದ ಚೀಸ್ ಪ್ಯಾಕೆಟ್ ತರಬೇಡಿ. ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಪಿಷ್ಟ ಸವರಿರುತ್ತಾರೆ, ನುಣ್ಣಗೆ ಕರಗುವುದಿಲ್ಲ. ಚೆಡ್ಡಾರ್ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ. ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಅಷ್ಟೇ ಮೈದಾ ಹುರಿಯಿರಿ. ಹಸಿ ವಾಸನೆ ಹೋದರೆ ಸಾಕು, ಬಣ್ಣ ತಿರುಗಬಾರದು. ಎರಡು ಕಪ್ ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕೈಯಾಡಿಸಿ, ಗಂಟಾಗುವುದಿಲ್ಲ. ಚಮಚಕ್ಕೆ ಹತ್ತುವಷ್ಟು ಗಟ್ಟಿಯಾದ ಮೇಲೆ ಒಲೆ ಆರಿಸಿ. ಚೀಸ್ ಹಾಕುವುದು ಆಗಲೇ. ಎರಡು ಕಪ್ ತುರಿಯನ್ನು ಒಂದೊಂದೇ ಹಿಡಿ ಹಾಕಿ. ಕುದಿಯುವಾಗ ಹಾಕಿದರೆ ಎಣ್ಣೆ ಬಿಟ್ಟುಕೊಂಡು ಮರಳು ಮರಳಾಗುತ್ತದೆ. ಚಿಟಿಕೆ ಸಾಸಿವೆ ಪುಡಿ ಹಾಕಿ. ಇದು ನಮ್ಮ ಒಗ್ಗರಣೆಯಲ್ಲ, ಇಲ್ಲಿನ ಹಳೆಯ ಅಡುಗೆಮನೆಗಳದ್ದೇ ರೂಢಿ. ಮ್ಯಾಕರೋನಿ ಪೂರ್ತಿ ಬೇಯುವ ಮೊದಲೇ ಬಸಿಯಿರಿ, ಸಾಸ್‌ನಲ್ಲಿ ಇನ್ನಷ್ಟು ಮೆತ್ತಗಾಗುತ್ತದೆ.

ಸಸ್ಯಾಹಾರಿಗಳು ಚೀಸ್ ಲೇಬಲ್ ಓದಲೇಬೇಕು. ಹಾಲು ಒಡೆಸುವ ರೆನ್ನೆಟ್ ಕೆಲವು ಸಲ ಕರುವಿನ ಹೊಟ್ಟೆಯಿಂದ ಬಂದಿರುತ್ತದೆ. ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನ್ನೆಟ್ ಅಂತಿದ್ದರೆ ನಿಶ್ಚಿಂತೆಯಿಂದ ತನ್ನಿ.

ಈ ಅಡುಗೆ ಹೊಸದಲ್ಲ. 1824ರಲ್ಲಿ ವರ್ಜೀನಿಯಾದ ಮೇರಿ ರಾಂಡಾಲ್ಫ್ ಬರೆದ ಅಡುಗೆ ಪುಸ್ತಕದಲ್ಲೇ ಇದೆ. ಆಗ ಅಲ್ಲಿನ ದೊಡ್ಡ ಮನೆಗಳಲ್ಲಿ ಬೇಯಿಸುತ್ತಿದ್ದವರು ಗುಲಾಮರಾಗಿದ್ದ ಕಪ್ಪು ಜನ. ಇಂದಿಗೂ ಅವರ ವಂಶದವರ ಮನೆಗಳಲ್ಲಿ ಹಬ್ಬದೂಟಕ್ಕೆ ಓವನ್‌ನಲ್ಲಿ ಕೆಂಪಗೆ ಬೇಯಿಸಿದ ಮ್ಯಾಕ್ ಅಂಡ್ ಚೀಸ್‌ಗೆ ದೊಡ್ಡ ಜಾಗ. ಕ್ರಾಫ್ಟ್ ಕಂಪನಿಯ ಡಬ್ಬ ಬಂದದ್ದು 1937ರಲ್ಲಿ, ಕೆಲಸ ಸಿಗದೆ ಜನ ಒದ್ದಾಡುತ್ತಿದ್ದ ಕಾಲ. 19 ಸೆಂಟ್‌ಗೆ ನಾಲ್ಕು ಜನರ ಊಟ. ಹಾಗಾಗಿ ಡಬ್ಬದ್ದನ್ನೂ ನಾನು ಹಗುರವಾಗಿ ಮಾತಾಡುವುದಿಲ್ಲ. ಎಷ್ಟೋ ತಾಯಂದಿರಿಗೆ ಅದು ಆಸರೆಯಾಗಿತ್ತು.

ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್‌ಗೆ ಹೇಳುವುದು ಜಾಸ್ತಿ ಇಲ್ಲ. ಬೆಣ್ಣೆಯನ್ನು ಬ್ರೆಡ್ಡಿನ ಅಂಚಿನವರೆಗೂ ಸವರಿ, ಸಣ್ಣ ಉರಿಯಲ್ಲಿಡಿ. ಬ್ರೆಡ್ ಕೆಂಪಗಾಗುವಷ್ಟರಲ್ಲಿ ಚೀಸ್ ಕರಗಿರಬೇಕು. ಜೊತೆಗೆ ಟೊಮೆಟೊ ಸೂಪ್ ಇದ್ದರೆ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ.

ಪಾಪ್‌ಕಾರ್ನ್ ಕಾಳು ಸಿಡಿಯುವುದು ಒಳಗಿನ ನೀರಿನಿಂದ. ಕಾಳಿನಲ್ಲಿ ಸುಮಾರು ಶೇಕಡಾ 14ರಷ್ಟು ತೇವ ಇರಬೇಕು. 180 ಡಿಗ್ರಿ ಸೆಲ್ಸಿಯಸ್ ಹತ್ತಿರ ಆವಿ ಒತ್ತಿ ಸಿಪ್ಪೆ ಒಡೆಯುತ್ತದೆ. ಅದಕ್ಕೇ ಕಾಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಣಗಿಹೋಗಿದ್ದರೆ ಒಂದು ಚಮಚ ನೀರು ಚಿಮುಕಿಸಿ, ಕುಲುಕಿ, ಮುಚ್ಚಿ ಕೆಲವು ದಿನ ಬಿಡಿ. ಹುರಿಯುವಾಗ ಮೊದಲು ಮೂರು ಕಾಳು ಎಣ್ಣೆಗೆ ಹಾಕಿ. ಅವು ಸಿಡಿದ ಮೇಲೆ ಉಳಿದದ್ದು. ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿರಲಿ, ಆವಿ ಹೊರಗೆ ಹೋದರೆ ಗರಿಗರಿಯಾಗಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್. ಮೆಕ್ಕೆಜೋಳ ಈ ನೆಲದ ಮೂಲನಿವಾಸಿಗಳ ಬೆಳೆ, ಹೊರಗಿನಿಂದ ಬಂದವರು ಅದನ್ನು ಬೆಳೆಯಲು, ಬೀಸಲು ಅವರಿಂದಲೇ ಕಲಿತರು. ತರಬೇಕಾದ್ದು ಹಳದಿ ತರಿ ಹಿಟ್ಟು. ಊರಲ್ಲಿ ಸೂಪ್ ಗಟ್ಟಿ ಮಾಡಲು ಹಾಕುವ ಬಿಳಿ ಕಾರ್ನ್‌ಫ್ಲೋರ್ ಬೇರೆ, ಅದು ಆಗುವುದಿಲ್ಲ. ದಪ್ಪ ತಳದ ಕಬ್ಬಿಣದ ಬಾಣಲೆಯನ್ನು ಬೆಣ್ಣೆ ಹಾಕಿ ಓವನ್‌ನಲ್ಲಿ ಚೆನ್ನಾಗಿ ಕಾಯಿಸಿ. ಹಿಟ್ಟು ಹುಯ್ದಾಗ ದೋಸೆ ಕಾವಲಿಯಂತೆ ಚುಂಯ್ ಅನ್ನಬೇಕು, ಆಗಲೇ ಅಂಚು ಗರಿಯಾಗುವುದು. ಹಿಟ್ಟು ಕಲಸುವ ಮಜ್ಜಿಗೆಗೆ ಅಡುಗೆ ಸೋಡಾ ಸೇರಿಸಿದ ಮೇಲೆ ಕಾಯಬೇಡಿ, ನೊರೆ ಇಳಿಯುವ ಮೊದಲೇ ಓವನ್‌ಗೆ ಹೋಗಬೇಕು. ದಕ್ಷಿಣದ ರಾಜ್ಯಗಳ ಹಳಬರು ಸಕ್ಕರೆ ಹಾಕುವುದಿಲ್ಲ, ಉತ್ತರದವರು ಹಾಕುತ್ತಾರೆ. ನಾನು ದಕ್ಷಿಣದವರ ಕಡೆ.

ಉಳಿದದ್ದನ್ನು ಎಸೆಯಬೇಡಿ. ಅಲ್ಲಿನ ಹಳಬರು ರಾತ್ರಿ ಅದನ್ನು ಪುಡಿ ಮಾಡಿ, ಲೋಟದ ತಣ್ಣನೆ ಮಜ್ಜಿಗೆಗೆ ಹಾಕಿ ಚಮಚದಲ್ಲಿ ತಿನ್ನುತ್ತಾರೆ. ನಮ್ಮ ತವರಲ್ಲಿ ಕಟಕ್ ರೊಟ್ಟಿ ಮುರಿದು ಮಜ್ಜಿಗೆಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ. ನಾನೂ ಹಾಗೇ ತಿನ್ನುತ್ತೇನೆ, ಪಕ್ಕಕ್ಕೆ ಒಂದು ಹಸಿಮೆಣಸಿನಕಾಯಿ ಇಟ್ಟುಕೊಂಡು.