ಮಳೆ ಪುಸ್ತಕ ನೋಡಿ ಸಂತೆಗೆ ಹೊರಟದ್ದು

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆಗಳಲ್ಲಿ ಗುಡ್ಡಗಳು ಜಾರಿದ ವಾರ, ಮೂರ್ನಾಡು ಬಳಿಯ ನಮ್ಮ ಮನೆಗೆ ಹೊರ ಊರುಗಳಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆಯಿತ್ತು: ನಿಮ್ಮಲ್ಲಿ ಎಷ್ಟು ಮಳೆ? ನಾನು ಕೊಡುತ್ತಿದ್ದ ಉತ್ತರವೂ ಒಂದೇ: ವಿಪರೀತ. ಹುಟ್ಟಿದಂದಿನಿಂದ ಈ ಮಳೆಯನ್ನೇ ಕಂಡವಳಿಗೆ ಅದರ ಅಳತೆ ಮಾತ್ರ ಗೊತ್ತಿರಲಿಲ್ಲ. ಪಕ್ಕದ ದೊಡ್ಡ ತೋಟದವರಲ್ಲಿ ಮೂರು ತಲೆಮಾರಿನಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಎಂದು ಬಿತ್ತು, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂಬುದನ್ನು ಅವರು ಪುಟ ತೆರೆದು ಹೇಳುತ್ತಾರೆ. ನಮ್ಮದು ಮೂರು ಎಕರೆಯ ಸಣ್ಣ ಕಾಫಿ ತೋಟ, ಜೊತೆಗೆ ನಾನು ಮಡಿಕೇರಿಯ ನಾಲ್ಕೈದು ಅಂಗಡಿಗಳ ಲೆಕ್ಕಪತ್ರವನ್ನು ಮನೆಯಲ್ಲೇ ಕುಳಿತು ಬರೆಯುತ್ತೇನೆ. ಅಂಗಡಿಗಳ ಪ್ರತಿ ರೂಪಾಯಿಗೂ ಲೆಕ್ಕ ಇಡುವವಳು ನಮ್ಮ ಅಂಗಳಕ್ಕೆ ಬೀಳುವ ನೀರಿಗೆ ಲೆಕ್ಕ ಇಟ್ಟಿಲ್ಲವೆಂಬುದು ಆ ವಾರ ನನ್ನನ್ನು ಕೊರೆಯಿತು. ಮರುವರ್ಷ ಜೂನ್ ಒಂದಕ್ಕೆ ಇನ್ನೂರು ಪುಟದ ಒಂದು ನೋಟು ಪುಸ್ತಕ ತೆಗೆದುಕೊಂಡು ಗೆರೆ ಎಳೆದೆ.

ಮೊದಲ ಮಳೆಮಾಪಕ ಮನೆಯಲ್ಲೇ ಆಯಿತು. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ತಲೆ ಕತ್ತರಿಸಿ, ಆ ತಲೆಯನ್ನೇ ಆಲಿಕೆಯಂತೆ ಮಗುಚಿ ಒಳಗಿಟ್ಟು, ತಳದ ಉಬ್ಬುತಗ್ಗು ಮುಳುಗುವವರೆಗೆ ನೀರು ಹಾಕಿ, ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿ ಅಂಟಿಸಿದೆ. ಬಾಯಿಯೂ ಒಡಲೂ ಒಂದೇ ಅಗಲವಿದ್ದರೆ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ, ಬೇರೆ ಗುಣಾಕಾರ ಬೇಕಿಲ್ಲ. ಸೂರಿನ ಹನಿಯೂ ಸಿಲ್ವರ್ ಮರದ ಹನಿಯೂ ತಾಗದ ಹಾಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಕಂಬ ನೆಟ್ಟು ಕಟ್ಟಿದೆ. ಆಗಸ್ಟ್‌ನ ಒಂದು ಬೆಳಿಗ್ಗೆ ನೋಡಿದರೆ ಬಾಟಲಿ ತುಂಬಿ ಹೊರಚೆಲ್ಲಿತ್ತು. ಆ ತಾರೀಖಿನ ಮುಂದೆ ‘ಆರು ಇಂಚಿಗಿಂತ ಹೆಚ್ಚು’ ಎಂದು ಬರೆದದ್ದು ಇಂದಿಗೂ ನನ್ನ ಪುಸ್ತಕದ ಕಲೆಯಾಗಿ ಉಳಿದಿದೆ. ಅದಾದ ಮೇಲೆ ದೊಡ್ಡ ಮಾಪಕ ತರಿಸಿದೆ.

ಇಲ್ಲಿನ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಎಚ್ಚರಿಕೆ ಬರುವುದು ಮಿಲಿಮೀಟರಿನಲ್ಲಿ. ಒಂದು ಇಂಚೆಂದರೆ 25.4 ಮಿ.ಮೀ. ಎಂದು ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಂಡ ದಿನದಿಂದ ಎರಡೂ ಭಾಷೆ ತಿಳಿಯತೊಡಗಿತು. ಇಲಾಖೆಯವರು ‘ಭಾರೀ ಮಳೆ’ ಎನ್ನಲು ದಿನಕ್ಕೆ 64.5 ಮಿ.ಮೀ. ಆಗಬೇಕು, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಇಂಚು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ನಾವು ಅದನ್ನು ‘ಪರವಾಗಿಲ್ಲ, ಸ್ವಲ್ಪ ಬಿಟ್ಟಿದೆ’ ಎನ್ನುತ್ತೇವೆ. 204.4 ಮಿ.ಮೀ. ದಾಟಿದರೆ ‘ಅತ್ಯಂತ ಭಾರೀ’, ಅದು ಎಂಟು ಇಂಚು.

ಮಳೆಯ ಪಕ್ಕದಲ್ಲೇ ಇನ್ನೊಂದು ಅಂಕಣ ಹುಟ್ಟಿಕೊಂಡದ್ದು ಮಾತ್ರ ಯೋಚಿಸಿ ಮಾಡಿದ್ದಲ್ಲ. ಒಂದು ಜುಲೈ 20ರಂದು ಅಂಗಡಿಯೊಂದರ ಜಿಎಸ್‌ಟಿ ವಿವರ ಸಲ್ಲಿಸಲು ಕುಳಿತಾಗ, ಎರಡು ದಿನದಿಂದ ಇಲ್ಲದ ಕರೆಂಟಿನ ಜೊತೆಗೆ ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿಯಿತು. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ ಎಂಬುದಕ್ಕಿಂತ, ಅಂಗಡಿಯವರಿಗೆ ನಾನು ಕೊಟ್ಟ ಮಾತು ತಪ್ಪಿತೆಂಬುದು ಹೆಚ್ಚು ಚುಚ್ಚಿತು. ಅಂದಿನಿಂದ ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಬರೆಯತೊಡಗಿದೆ. ತಂತಿ ಹೋಗಿರುವುದೇ ಕಾಡು ಮತ್ತು ತೋಟದ ನಡುವೆ. ಗಾಳಿಗೆ ಮರ ಬಿದ್ದರೆ ಸುರಿಯುವ ಮಳೆಯಲ್ಲಿ ಅದನ್ನು ಕಡಿದು, ಕಂಬ ನಿಲ್ಲಿಸಿ, ತಂತಿ ಎಳೆಯುವ ಲೈನ್‌ಮನ್‌ಗಳನ್ನು ಕಣ್ಣಾರೆ ಕಂಡವರು ಯಾರೂ ಅವರನ್ನು ಬೈಯಲಾರರು. ಮಳೆಗಾಲ ಮುಗಿದಾಗ ಪುಟ ಕೂಡಿಸಿ ನೋಡಿದೆ. ಕರೆಂಟು ಹೋದದ್ದು ಹೆಚ್ಚಾಗಿ ಆರೇಳು ಗಂಟೆಯ ಮಟ್ಟಿಗೆ. ಒಂದು ಇಡೀ ದಿನ ದಾಟಿದ್ದು ಕೆಲವೇ ಸಲ. ಅತಿ ದೀರ್ಘವಾದದ್ದು ನಾಲ್ಕು ದಿನ. ಹೆಚ್ಚು ಮಳೆ ಬಿದ್ದ ದಿನಗಳಿಗಿಂತ ಗಾಳಿ ಎದ್ದ ದಿನಗಳಲ್ಲೇ ತಂತಿ ಹರಿದಿತ್ತು ಎಂಬುದೂ ಅಲ್ಲೇ ಕಾಣಿಸಿತು.

ಈ ಪುಟವನ್ನು ಹಿಡಿದುಕೊಂಡೇ ಇನ್ವರ್ಟರ್ ಕೊಳ್ಳಲು ಹೋದೆ. ಅಂಗಡಿಯವರ ಮೊದಲ ಪ್ರಶ್ನೆ ಎಷ್ಟು ಫ್ಯಾನ್ ಎಂಬುದಾಗಿತ್ತು. ನಮ್ಮ ಮನೆಯಲ್ಲಿ ಫ್ಯಾನೇ ಇಲ್ಲ ಎಂದಾಗ ಅವರ ಮಾರಾಟದ ಮಾತಿನ ಅರ್ಧ ಭಾಗ ಅಲ್ಲೇ ನಿಂತಿತು. ಉಳಿದರ್ಧದಲ್ಲಿ ಅವರು ಎರಡು ಬ್ಯಾಟರಿಯ ದೊಡ್ಡ ಯಂತ್ರವನ್ನು ತೋರಿಸಿದರು. ನಾನು ಬರೆದುಕೊಂಡು ಹೋಗಿದ್ದ ಲೆಕ್ಕ ಹೀಗಿತ್ತು: 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು ಸಂಜೆ ಐದು ಗಂಟೆ ಉರಿದರೆ 180 ವ್ಯಾಟ್ ಗಂಟೆ, ಫೈಬರ್ ಮೋಡೆಮ್‌ಗೆ 12 ವ್ಯಾಟಿನಂತೆ ಹನ್ನೆರಡು ಗಂಟೆಗೆ 144, ಲ್ಯಾಪ್‌ಟಾಪಿಗೆ 45 ವ್ಯಾಟಿನಂತೆ ನಾಲ್ಕು ಗಂಟೆಗೆ 180, ಎರಡು ಫೋನಿಗೆ ಮೂವತ್ತು ಎಂದಿಟ್ಟುಕೊಂಡರೂ ದಿನಕ್ಕೆ ಒಟ್ಟು 534. ಹನ್ನೆರಡು ವೋಲ್ಟಿನ 150 ಆಂಪಿಯರ್ ಗಂಟೆಯ ಒಂದು ಟ್ಯೂಬ್ಯುಲರ್ ಬ್ಯಾಟರಿಯಲ್ಲಿ 1,800 ವ್ಯಾಟ್ ಗಂಟೆ ಇರುತ್ತದೆ. ಅದರ ಆಯುಸ್ಸು ಕೆಡದಿರಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಬಳಸಿ, ಇನ್ವರ್ಟರಿನಲ್ಲಿ ಸೋರುವುದನ್ನು ಕಳೆದರೂ ಒಂದೂವರೆ ದಿನಕ್ಕೆ ಸಾಕು. ವರ್ಷಕ್ಕೊಮ್ಮೆ ಬರುವ ನಾಲ್ಕು ದಿನದ ಕತ್ತಲಿಗಾಗಿ ಇನ್ನೊಂದು ಬ್ಯಾಟರಿ ಕೊಂಡು ವರ್ಷವಿಡೀ ಅದಕ್ಕೆ ನೀರು ಕುಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಬ್ಯಾಟರಿ ತಂದು, ಚಾರ್ಜ್ ಆಗುವಾಗ ಅದರಿಂದ ಹೊರಡುವ ಗಾಳಿ ಒಳಗೆ ನಿಲ್ಲದಂತೆ ಜಗಲಿಯ ಮೂಲೆಯಲ್ಲಿರಿಸಿದೆ.

ಆದರೂ ಮೊದಲ ವರ್ಷವೇ ನನ್ನ ಲೆಕ್ಕ ತಲೆಕೆಳಗಾಯಿತು. ಒಂದೂವರೆ ದಿನ ಬರಬೇಕಾದದ್ದು ಮರುದಿನ ಬೆಳಗಾಗುವಷ್ಟರಲ್ಲಿ ಕೀಂ ಎಂದು ಕೂಗಿ ಆರಿತು. ಬ್ಯಾಟರಿಯೇ ಕಳಪೆ ಎಂದು ಮನೆಯಲ್ಲಿ ತೀರ್ಪಾಗಿತ್ತು. ರಿಪೇರಿಗೆ ಬಂದ ಹುಡುಗ ಮೀಟರ್ ಹಾಕಿ ತೋರಿಸಿದಾಗ ನಿಜ ತಿಳಿಯಿತು: ಒಂದು ಬಲ್ಬೂ ಉರಿಯದೆ ಸುಮ್ಮನಿದ್ದಾಗಲೂ ಇನ್ವರ್ಟರ್ ತನ್ನ ಹೊಟ್ಟೆಪಾಡಿಗೆಂದು ಸುಮಾರು 15 ವ್ಯಾಟ್ ತಿನ್ನುತ್ತಿತ್ತು. ಇಪ್ಪತ್ತನಾಲ್ಕು ಗಂಟೆಗೆ ಅದು 360, ಅಂದರೆ ಇಡೀ ಮನೆಯ ಬಳಕೆಯ ಮೂರನೆಯ ಎರಡು ಭಾಗ. ಕಾವಲಿಗೆ ಇಟ್ಟವನೇ ಕಣಜ ತಿಂದ ಹಾಗೆ. ಈಗ ಕರೆಂಟಿಲ್ಲದ ರಾತ್ರಿ ಮಲಗುವ ಮುನ್ನ ಅದನ್ನು ಪೂರ್ತಿ ಆರಿಸುತ್ತೇವೆ, ಹಗಲಿನಲ್ಲೂ ಲ್ಯಾಪ್‌ಟಾಪಿಗೆ ಚಾರ್ಜ್ ಮಾಡುವ ಹೊತ್ತು ಬಿಟ್ಟರೆ ಹಚ್ಚುವುದಿಲ್ಲ. ಮೋಡೆಮ್ ಹನ್ನೆರಡು ವೋಲ್ಟಿನ ನೇರ ವಿದ್ಯುತ್ತನ್ನೇ ಬೇಡುವುದರಿಂದ, ಬ್ಯಾಟರಿಯ ಹನ್ನೆರಡನ್ನು 230 ಮಾಡಿ ಮತ್ತೆ ಹನ್ನೆರಡಕ್ಕೆ ಇಳಿಸುವ ದಂಡದ ಕೆಲಸವೂ ಬೇಡವೆಂದು, ಅಂಗೈಯಗಲದ ಒಂದು ಪುಟ್ಟ ಯುಪಿಎಸ್ ಅನ್ನು ಅದಕ್ಕೇ ಪ್ರತ್ಯೇಕವಾಗಿ ಜೋಡಿಸಿದೆ. ಮೂರೂವರೆ ಗಂಟೆ ನಡೆಸುತ್ತದೆ. ನಾಲ್ಕು ದಿನದ ಕತ್ತಲಿನಲ್ಲಿ ಪಕ್ಕದ ತೋಟದವರು ನೀರೆತ್ತಲು ಜನರೇಟರ್ ಹಾಕುವ ಹೊತ್ತಿಗೆ ಫೋನು, ಲ್ಯಾಪ್‌ಟಾಪು, ಈ ಪುಟ್ಟ ಪೆಟ್ಟಿಗೆ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದು ಲೋಟ ಬೆಲ್ಲದ ಕಾಫಿ ಕುಡಿದು ಬರುತ್ತೇನೆ.

ಅಷ್ಟು ಮಾಡಿದರೂ ಇಂಟರ್ನೆಟ್ ನನ್ನ ಕೈಯಲ್ಲಿಲ್ಲ ಎಂಬುದನ್ನು ಮೋಡೆಮ್‌ನ ಕೆಂಪು ದೀಪ ಕಲಿಸಿತು. ನಮ್ಮ ಮನೆಯಲ್ಲಿ ವಿದ್ಯುತ್ ಇದ್ದರೆ ಸಾಲದು, ಗಾಜಿನೆಳೆಯ ಆ ತುದಿಯಲ್ಲಿಯೂ ಇರಬೇಕು, ನಡುವೆ ಮರವೂ ಬಿದ್ದಿರಬಾರದು. ಮೊಬೈಲ್ ಗೋಪುರದ ಬ್ಯಾಟರಿಯೂ ಎಷ್ಟೋ ಹೊತ್ತಿಗೆ ಮುಗಿಯುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 20ನೇ ತಾರೀಖಿನ ಕೆಲಸವನ್ನು 14ಕ್ಕೇ ಮುಗಿಸುವುದೆಂದು ಅಂಗಡಿಯವರಿಗೆ ಹೇಳಿ, ಬಿಲ್ಲುಗಳನ್ನು ಅದಕ್ಕೂ ಮೊದಲೇ ವಸೂಲು ಮಾಡುತ್ತೇನೆ. ಸುದ್ದಿಗೆ ಸೆಲ್ಲಿನ ರೇಡಿಯೋ ಇದೆ. ಮಡಿಕೇರಿ ಆಕಾಶವಾಣಿ ಇರುವಷ್ಟು ದಿನ ರಸ್ತೆ ಎಲ್ಲಿ ಬಂದಾಗಿದೆ, ಶಾಲೆಗೆ ರಜೆ ಉಂಟೇ ಎಂದು ತಿಳಿಯಲು ನೆಟ್‌ವರ್ಕ್ ಬೇಕಿಲ್ಲ.

ಇನ್ನು ಸಾಮಾನಿನ ವಿಚಾರ. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಮೇ ತಿಂಗಳ ಕೊನೆಯ ಎರಡು ಶುಕ್ರವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊಡೆ, ಗಂಬೂಟು, ಟಾರ್ಪಾಲು, ಒಣಮೀನು ಇವುಗಳ ಸುತ್ತ ಇಡೀ ಜಿಲ್ಲೆಯೇ ನೆರೆದಂತಿರುತ್ತದೆ. ಮೊದಲೆಲ್ಲ ನಾನೂ ಹೆದರಿಕೆಯಿಂದ ಚೀಲಗಟ್ಟಲೆ ತಂದು ತುಂಬುತ್ತಿದ್ದೆ. ಪುಸ್ತಕದ ಹಿಂದಿನ ಪುಟಗಳಲ್ಲಿ, ಯಾವುದು ಎಂದು ಮುಗಿಯಿತು, ಯಾವುದು ಎಂದು ಕೊಳೆಯಿತು ಎಂದು ಬರೆಯತೊಡಗಿದ ಮೇಲೆ ಚೀಟಿಯ ಮುಖವೇ ಬದಲಾಯಿತು. ಹತ್ತು ಕೆ.ಜಿ. ಈರುಳ್ಳಿಯಲ್ಲಿ ನಾಲ್ಕು ಜುಲೈಗೇ ಮೊಳೆತು ಕೊಳೆತಿತ್ತು, ಆದ್ದರಿಂದ ಈಗ ಎರಡೇ ಕೆ.ಜಿ. ಒಣಮೆಣಸಿನಕಾಯಿಗೆ ಬೂಷ್ಟು ಬಂದಿತ್ತು. ಈಗ ಮೇ ಬಿಸಿಲಿನಲ್ಲೇ ಹುರಿದು ಪುಡಿ ಮಾಡಿ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬುತ್ತೇನೆ. ಹುರುಳಿ, ಒಣಸಿಗಡಿ, ಉಪ್ಪು ಮಾತ್ರ ಎಷ್ಟಿದ್ದರೂ ಖರ್ಚಾಗುತ್ತವೆ. ಬೆಂಕಿಪೊಟ್ಟಣವನ್ನು ಒಂದು ಹಿಡಿ ಹುರಿದ ಅಕ್ಕಿಯ ಜೊತೆ ಗಾಜಿನ ಬಾಟಲಿಯಲ್ಲಿಟ್ಟರೆ ಸೆಪ್ಟೆಂಬರ್‌ವರೆಗೂ ಹತ್ತುತ್ತದೆ. ತರಕಾರಿಯ ಚಿಂತೆಯೂ ಅತಿಯಾದದ್ದೇ. ಕಣಿಲೆ ಎಂಬ ಎಳೆ ಬಿದಿರಿನ ಮೊಳಕೆ, ಕೆಸುವಿನ ಸೊಪ್ಪು, ಅಣಬೆ ಎಲ್ಲ ಬರುವುದು ಆ ಮಳೆಯಲ್ಲೇ. ಕಣಿಲೆಯನ್ನು ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಅದರ ವಿಷ ಕಳೆದೇ ಬೇಯಿಸಬೇಕು ಎಂಬುದನ್ನು ಇತ್ತೀಚೆಗೆ ಇಲ್ಲಿಗೆ ಬಂದು ನೆಲೆಸಿದವರಿಗೆ ಹೇಳದೆ ಇರಲಾರೆ.

ಆನ್‌ಲೈನ್ ಖರೀದಿಯಲ್ಲಿ ನಾನು ಕಂಡುಕೊಂಡ ಗೆರೆ ಸರಳ: ಕೆಟ್ಟರೆ ರಿಪೇರಿ ಬೇಕಾದದ್ದು ಊರಿನ ಅಂಗಡಿಯಲ್ಲಿ, ಬೇಡವಾದದ್ದು ಫೋನಿನಲ್ಲಿ. ಐವತ್ತು ಕೆ.ಜಿ.ಗೂ ಮೀರಿದ ಬ್ಯಾಟರಿಯನ್ನು ನಮ್ಮ ಏರುದಾರಿಯಿಂದ ಹಿಂತಿರುಗಿಸಲು ಯಾರೂ ಬರುವುದಿಲ್ಲ. ಮಳೆಮಾಪಕ, ಪುಟ್ಟ ಯುಪಿಎಸ್, ತಲೆಗೆ ಕಟ್ಟುವ ಟಾರ್ಚು ಇವೆಲ್ಲ ಪಾರ್ಸಲಿನಲ್ಲೇ ಬಂದವು. ಬಂದವು ಎಂದರೆ ಮನೆಗಲ್ಲ, ಮುಖ್ಯ ರಸ್ತೆಯ ದಿನಸಿ ಅಂಗಡಿಗೆ. ವಿಳಾಸದಲ್ಲಿ ಮನೆಯ ಹೆಸರಿನ ಕೆಳಗೆ ಆ ಅಂಗಡಿಯ ಹೆಸರನ್ನೂ ಬರೆಯುವುದನ್ನು ಮೂರು ಪಾರ್ಸಲುಗಳು ಮೈಸೂರಿಗೆ ವಾಪಸು ಹೋದ ಮೇಲೆ ಕಲಿತೆ. ಜೂನ್ ಹತ್ತರ ನಂತರ ಮಳೆಗಾಲದ ಯಾವ ವಸ್ತುವನ್ನೂ ತರಿಸುವುದಿಲ್ಲ, ಅದು ಬರುವಷ್ಟರಲ್ಲಿ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಬಂದಿರುತ್ತದೆ.

ಪುಸ್ತಕದಿಂದ ನಾನು ನಿರೀಕ್ಷಿಸದೇ ಸಿಕ್ಕ ಲಾಭವೆಂದರೆ ತಿರುಗಾಟದ್ದು. ಇಪ್ಪತ್ತು ದಿನ ಎಡೆಬಿಡದೆ ಸುರಿದ ಮೇಲೆ ಒಂದೆರಡು ದಿನ ಹೊಳವಾಗುವುದನ್ನು ಹಳೆಯ ಪುಟಗಳಲ್ಲಿ ಮತ್ತೆ ಮತ್ತೆ ಕಂಡು, ಆ ದಿನಕ್ಕೆ ಮೊದಲೇ ಒಂದು ಯೋಜನೆ ಇಟ್ಟಿರುತ್ತೇವೆ. ವಾರದ ಕೊನೆಯಾದರೆ ಹೊರಡುವುದಿಲ್ಲ. ಶನಿವಾರ ಮಡಿಕೇರಿಯ ರಸ್ತೆ ಪ್ರವಾಸಿಗರ ವಾಹನಗಳದ್ದು, ಅಬ್ಬಿ ಜಲಪಾತದ ದಾರಿಯಂತೂ ಕೇಳುವುದೇ ಬೇಡ. ಬುಧವಾರವೋ ಗುರುವಾರವೋ ಹೊಳವಾದರೆ ಪೂರ್ವಕ್ಕೆ ಇಳಿಯುತ್ತೇವೆ. ಮಡಿಕೇರಿಯಿಂದ ಕುಶಾಲನಗರ ಮೂವತ್ತು ಕಿ.ಮೀ. ಮಾತ್ರ, ಆದರೆ ಸುಂಟಿಕೊಪ್ಪ ದಾಟುತ್ತಿದ್ದಂತೆ ಮಳೆ ಜಿನುಗಾಗಿ, ಕುಶಾಲನಗರದಲ್ಲಿ ಎಷ್ಟೋ ಸಲ ಬಿಸಿಲೇ ಇರುತ್ತದೆ. ಕೊಡಗು ಜಿಲ್ಲೆಗೆ ರೆಡ್ ಅಲರ್ಟ್ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಭಾಗಮಂಡಲದ ಮಳೆಯೇ ಬೇರೆ, ಕುಶಾಲನಗರದ ಮಳೆಯೇ ಬೇರೆ. ಆ ಎರಡರ ನಡುವೆ ಇರುವ ನಮಗೆ ನಮ್ಮ ಕಣದ ಮಾಪಕವೇ ಗತಿ.

ಕುಶಾಲನಗರದಲ್ಲಿರುವ ತಂಗಿಯ ಮನೆಗೆ ನಾವು ಹೋಗುವಾಗ ಕಾರಿನ ಹಿಂದೆ ಎರಡು ಮೂಟೆ ಇರುತ್ತದೆ. ಒಳಗಿರುವುದು ಹೊದಿಕೆ, ಚಾದರ, ಮಕ್ಕಳ ಸಮವಸ್ತ್ರ. ಇಲ್ಲಿ ಒಲೆಯ ಮೇಲಿನ ಹಗ್ಗದಲ್ಲಿ ವಾರವಿಟ್ಟರೂ ಹೊಗೆಯ ವಾಸನೆ ಬರುತ್ತದೆಯೇ ಹೊರತು ತೇವ ಬಿಡುವುದಿಲ್ಲ. ಅವಳ ತಾರಸಿಯಲ್ಲಿ ಮಧ್ಯಾಹ್ನದೊಳಗೆ ಗರಿಗರಿಯಾಗುತ್ತದೆ. ಬಟ್ಟೆ ಒಣಗುವ ಹೊತ್ತಿಗೆ ನಾವು ಹಾರಂಗಿ ಅಣೆಕಟ್ಟೆ ನೋಡಿಯೋ, ಬೈಲಕುಪ್ಪೆಯಲ್ಲಿ ಮಕ್ಕಳಿಗೆ ಮೊಮೊ ಕೊಡಿಸಿಯೋ ಬರುತ್ತೇವೆ. ಅಕ್ಕ ನನ್ನನ್ನು ನೋಡಲು ಬರುತ್ತಾಳೋ ಬಿಸಿಲನ್ನು ನೋಡಲು ಬರುತ್ತಾಳೋ ಎಂದು ತಂಗಿ ಪ್ರತಿ ಸಲವೂ ಕೇಳುತ್ತಾಳೆ. ಬದಲಿಗೆ ಅವಳಿಗೆ ಕಕ್ಕಡದ ಹದಿನೆಂಟನೆಯ ದಿನ ಮಾಡುವ ಪಾಯಸಕ್ಕೆ ಬೇಕಾದ, ಔಷಧಿ ಗುಣದ್ದೆನ್ನುವ ಮದ್ದುಸೊಪ್ಪನ್ನು ನಮ್ಮ ತೋಟದ ಬೇಲಿಯಿಂದ ಕೊಯ್ದು ಕೊಡುತ್ತೇನೆ.

ಪುಸ್ತಕ ಈಗ ನಾಲ್ಕನೆಯದು. ಮೊದಲ ಪುಸ್ತಕವನ್ನು ಪೆನ್ನಿನಲ್ಲಿ ಬರೆದಿದ್ದೆ. ಜಗಲಿಯ ಶೀತಕ್ಕೆ ಶಾಯಿ ಹಬ್ಬಿ, ಆಗಸ್ಟ್‌ನ ಕೆಲವು ಅಂಕಿಗಳು ಒಂದೋ ಏಳೋ ತಿಳಿಯದಂತಾಗಿವೆ. ಫೋನಿನಲ್ಲಿಯೇ ಬರೆಯಬಾರದೇ ಎಂದು ಮಗಳು ಕೇಳಿದಳು, ಒಂದು ತಿಂಗಳು ಹಾಗೂ ಮಾಡಿದೆ. ನಾಲ್ಕು ದಿನದ ಕತ್ತಲು ಬಂದದ್ದು ಅದೇ ತಿಂಗಳು. ಈ ಶುಕ್ರವಾರದ ಸಂತೆಯ ಚೀಟಿಯಲ್ಲಿ ಹುರುಳಿ ಮೂರು ಕೆ.ಜಿ., ರೇಡಿಯೋಗೆ ನಾಲ್ಕು ಸೆಲ್, ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಐದು ಲೀಟರ್, ಎರಡು ಪೆನ್ಸಿಲ್ ಎಂದು ಬರೆದಿದ್ದೇನೆ.