ಜಿಸಿ-ಎಂಎಸ್ ಕಲಿಯುವಾಗ ಸಿಕ್ಕ ಒಂದು ಸುಳ್ಳು ಪೀಕ್

ಫೊರೆನ್ಸಿಕ್ ಲ್ಯಾಬಿನ ವಿಷ ಪರೀಕ್ಷೆ ವಿಭಾಗಕ್ಕೆ ಸೇರಿದಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಟಿಎಲ್‌ಸಿ ಮಾತ್ರ, ಅಂದರೆ ಪ್ಲೇಟಿನ ಮೇಲೆ ದ್ರಾವಕ ಏರಿಸಿ ಪದಾರ್ಥಗಳನ್ನು ಬೇರ್ಪಡಿಸುವ ವಿಧಾನ. ಉಪ್ಪುನೀರಿನಲ್ಲಿ ಮುಳುಗಿಸಿದ ಜಠರ, ಲಿವರ್, ಕಿಡ್ನಿ ತುಂಡುಗಳು ಅರಗಿನ ಸೀಲು ಹಾಕಿದ ಜಾರ್‌ಗಳಲ್ಲಿ ಬರುತ್ತವೆ. ಅದರಿಂದ ವಿಷವನ್ನು ಬೇರ್ಪಡಿಸಿ (ಎಕ್ಸ್‌ಟ್ರಾಕ್ಷನ್), ಸಿಲಿಕಾ ಪ್ಲೇಟಿನ ಮೇಲೆ ಚುಕ್ಕೆ ಇಟ್ಟು ನೋಡುತ್ತಿದ್ದೆ. ಚುಕ್ಕೆ ಸುಳಿವು ಕೊಡುತ್ತದೆ, ಅಷ್ಟೇ. ಎರಡು ಬೇರೆ ಕೀಟನಾಶಕಗಳು ಒಂದೇ ಎತ್ತರಕ್ಕೆ ಏರಿ ನಿಲ್ಲಬಹುದು. ಅದಕ್ಕೇ ಜಿಸಿ-ಎಂಎಸ್ ಕಲಿಯಲೇಬೇಕಾಯಿತು. ಈ ಯಂತ್ರ ಮಿಶ್ರಣವನ್ನು ಆವಿ ಮಾಡಿ, ಕಾಲಂ ಎಂಬ ಸಣ್ಣ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುತ್ತದೆ; ಹೊರಬರುವ ಪ್ರತಿ ಪದಾರ್ಥ ಗ್ರಾಫಿನಲ್ಲಿ ಒಂದು ಪೀಕ್ (ಶಿಖರ) ಆಗುತ್ತದೆ; ಆಮೇಲೆ ಅದರ ಅಣುಗಳನ್ನು ಒಡೆದು ತುಣುಕುಗಳ ತೂಕ ಅಳೆಯುತ್ತದೆ.

ಶುರುವಿನಲ್ಲಿ ನಮ್ಮ ಮೇಡಂ ಕೇಸಿನ ಸ್ಯಾಂಪಲ್ ಮುಟ್ಟಲು ಬಿಡಲಿಲ್ಲ. ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಬದಲಿಸುವುದು, ಲೈನರ್ (ಸ್ಯಾಂಪಲ್ ಆವಿಯಾಗುವ ಗಾಜಿನ ಕೊಳವೆ) ಬದಲಿಸುವುದು, ಕಾಲಂ ಕತ್ತರಿಸುವುದು, ಇಷ್ಟೇ ಕೆಲಸ. ಕಾಲಂ 30 ಮೀಟರ್ ಉದ್ದ, ಒಳಗಿನ ಅಗಲ ಕಾಲು ಮಿಲಿಮೀಟರ್. ತುದಿ ಸೊಟ್ಟಗೆ ಮುರಿದರೆ ಪೀಕ್ ಬಾಲ ಬಿಡುತ್ತದೆ. ಬರೀ ಸಾಲ್ವೆಂಟ್ ಹಾಕಿ ಏನೇನು ಬರುತ್ತದೆ ಅಂತ ದಿನಗಟ್ಟಲೆ ನೋಡಿದೆ. ತುಣುಕುಗಳ ತೂಕದಲ್ಲಿ 207, 281 ಕಂಡರೆ ಸೆಪ್ಟಮ್ ಅಥವಾ ಕಾಲಂನ ಸಿಲಿಕೋನ್. 149 ಕಂಡರೆ ಎಲ್ಲೋ ಪ್ಲಾಸ್ಟಿಕ್ ತಾಗಿದೆ. ವಿಷದ ಪೀಕ್‌ಗಿಂತ ಮೊದಲು ನಮ್ಮದೇ ಕೊಳೆಯ ಗುರುತು ಹಿಡಿಯಬೇಕು.

ಆಮೇಲೆ ಬಂತು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ ಕೇಸು. 97, 197, 314, ಎಲ್ಲ ತುಣುಕುಗಳೂ ಇದ್ದವು. ಪೀಕ್ ಎಷ್ಟು ದೊಡ್ಡದಿತ್ತೆಂದರೆ ತುದಿಯೇ ಚಪ್ಪಟೆಯಾಗಿತ್ತು. ಮುಂದಿನ ವಯಲ್ ಬೇರೆ ಕೇಸಿನದು, ಒಬ್ಬ ಹೆಂಗಸಿನದು. ಅದರಲ್ಲೂ ಅದೇ ಸಮಯಕ್ಕೆ ಒಂದು ಪುಟ್ಟ ಪೀಕ್. ಕಂಪ್ಯೂಟರಿನ ಲೈಬ್ರರಿ, ಅಂದರೆ ಗೊತ್ತಿರುವ ಪದಾರ್ಥಗಳ ತುಣುಕುಗಳ ಸಂಗ್ರಹ, ಕ್ಲೋರ್‌ಪೈರಿಫಾಸ್ ಎಂದೇ ತೋರಿಸಿತು. ಹೊಂದಿಕೆಯೂ ಚೆನ್ನಾಗಿತ್ತು. ನಾನು ನೋಟ್‌ಬುಕ್ಕಿನಲ್ಲಿ 'ಪಾಸಿಟಿವ್' ಅಂತ ಬರೆದುಬಿಟ್ಟೆ.

ಮೇಡಂ ಕೇಳಿದ್ದು ಒಂದೇ: "ಇವೆರಡರ ಮಧ್ಯೆ ಬ್ಲ್ಯಾಂಕ್ ರನ್ ಮಾಡಿದ್ರಾ?"

ಮಾಡಿರಲಿಲ್ಲ. ಬ್ಲ್ಯಾಂಕ್ ಅಂದರೆ ಸ್ಯಾಂಪಲ್ ಇಲ್ಲದೆ ಬರೀ ಸಾಲ್ವೆಂಟ್ ಓಡಿಸುವುದು; ಆಗ ಬರೀ ಹೆಕ್ಸೇನ್ ಹಾಕಿದೆವು. ಅದರಲ್ಲೂ ಅದೇ ಪೀಕ್! ಇನ್ನೊಂದು ಸಲ ಹಾಕಿದಾಗ ಸ್ವಲ್ಪ ಸಣ್ಣದಾಯಿತು. ಹಿಂದಿನ ಸ್ಯಾಂಪಲ್ ಸಿರಿಂಜಿನಲ್ಲೂ ಲೈನರಿನಲ್ಲೂ ಉಳಿದುಕೊಂಡಿತ್ತು. ಎಲ್ಲ ತೊಳೆದು, ಲೈನರ್ ಬದಲಿಸಿ, ಬ್ಲ್ಯಾಂಕ್ ಪೂರ್ತಿ ಖಾಲಿ ಬರುವ ತನಕ ಬಿಡಲಿಲ್ಲ. ಆ ಹೆಂಗಸಿನ ಜಾರ್‌ನಿಂದ ಹೊಸದಾಗಿ ತುಂಡು ತೆಗೆದು, ಮೊದಲಿನಿಂದ ಎಕ್ಸ್‌ಟ್ರಾಕ್ಷನ್ ಮಾಡಿದೆ. ಕ್ಲೋರ್‌ಪೈರಿಫಾಸ್ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ವರದಿಯನ್ನು ಕೋರ್ಟು ನಮ್ಮನ್ನು ಕರೆಸದೆಯೇ ಸಾಕ್ಷ್ಯವಾಗಿ ಓದಬಹುದು. ಮೊದಲು ಅದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 293ನೇ ಸೆಕ್ಷನ್ ಇತ್ತು, ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 329ನೇ ಸೆಕ್ಷನ್. ಆ ಒಂದು ಪದ ಹಾಗೇ ಹೋಗಿದ್ದರೆ ಆ ಮನೆಯಲ್ಲಿ ಯಾರ ಮೇಲೆ ಅನುಮಾನ ಬೀಳುತ್ತಿತ್ತೋ!

ಈಗ ನನ್ನ ಕ್ರಮ ಹೀಗಿದೆ. ಬ್ಲ್ಯಾಂಕ್, ಸ್ಟ್ಯಾಂಡರ್ಡ್ (ಗೊತ್ತಿರುವ ಶುದ್ಧ ವಿಷದ ದ್ರಾವಣ), ಮತ್ತೆ ಬ್ಲ್ಯಾಂಕ್, ಆಮೇಲೆ ಸ್ಯಾಂಪಲ್ ಎರಡು ಸಲ, ಅದರ ಹಿಂದೆ ಇನ್ನೊಂದು ಬ್ಲ್ಯಾಂಕ್. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಲೈಬ್ರರಿಯ ಹೊಂದಿಕೆಯನ್ನು ಮಾತ್ರ ನಂಬಿ ಹೆಸರು ಬರೆಯುವುದಿಲ್ಲ. ಅದೇ ದಿನ ಓಡಿಸಿದ ಸ್ಟ್ಯಾಂಡರ್ಡಿನ ರಿಟೆನ್ಷನ್ ಟೈಮೂ (ಪೀಕ್ ಹೊರಬರುವ ಸಮಯ) ತುಣುಕುಗಳ ಅನುಪಾತವೂ ಎರಡೂ ಕೂಡಬೇಕು.

ಎಕ್ಸ್‌ಟ್ರಾಕ್ಷನ್‌ನಲ್ಲಿ ಕೈ ಪಳಗಿದ್ದು ಕುರಿಯ ಲಿವರಿನಿಂದ. ಮಟನ್ ಅಂಗಡಿಯಿಂದ ತಂದು, ಅರೆದು, ಕೀಟನಾಶಕವನ್ನು ಅಳತೆ ಮಾಡಿ ಬೆರೆಸಿ, ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡುತ್ತಿದ್ದೆ. ಮೊದಲ ಸಲ ಅರ್ಧವೂ ಸಿಗಲಿಲ್ಲ. ಫನೆಲ್ ಜೋರಾಗಿ ಕುಲುಕಿದ್ದಕ್ಕೆ ಕೊಬ್ಬು, ನೀರು, ಹೆಕ್ಸೇನ್ ಸೇರಿ ಮಜ್ಜಿಗೆಯ ಹಾಗೆ ಆಗಿತ್ತು. ಪದರ ಬೇರೆಯಾಗಲೇ ಇಲ್ಲ. ಮೆಲ್ಲಗೆ ತಿರುಗಿಸಿ, ಗಟ್ಟಿ ಉಪ್ಪುನೀರು ಹಾಕಿದರೆ ಒಡೆಯುತ್ತದೆ ಅನ್ನುವುದು ಆಗ ಗೊತ್ತಾಯಿತು.

ಖಾಲಿ ಗ್ರಾಫ್ ಬಂದರೆ ವಿಷ ಇಲ್ಲ ಅಂತಲೂ ಅಲ್ಲ. ಕಳೆನಾಶಕ ಪ್ಯಾರಾಕ್ವಾಟ್ ಉಪ್ಪಿನ ರೂಪದಲ್ಲಿರುತ್ತದೆ, ಆವಿಯಾಗುವುದಿಲ್ಲ. ಹಾಗಾಗಿ ಜಿಸಿಯಲ್ಲಿ ನೇರವಾಗಿ ಕಾಣುವುದೇ ಇಲ್ಲ. ಅಂಥ ಒಂದು ಕೇಸಿನಲ್ಲಿ ಮೂತ್ರಕ್ಕೆ ಕ್ಷಾರ ಸೇರಿಸಿ, ಚಿಟಿಕೆ ಸೋಡಿಯಂ ಡೈಥಯೋನೈಟ್ ಹಾಕಿದೆ. ಟೆಸ್ಟ್ ಟ್ಯೂಬು ನೋಡನೋಡುತ್ತಿದ್ದಂತೆ ನೀಲಿಯಾಯಿತು. ಅದನ್ನು ಖಚಿತಪಡಿಸಿಕೊಳ್ಳಲು, ಆವಿ ಮಾಡದೆ ದ್ರವದಲ್ಲೇ ಬೇರ್ಪಡಿಸುವ ಎಲ್‌ಸಿ-ಎಂಎಸ್/ಎಂಎಸ್ ವಿಧಾನವನ್ನು ಈಗ ಕಲಿಯುತ್ತಿದ್ದೇನೆ.